ಗಾಳಿಗೆ ಬೆನ್ನು ಕೊಟ್ಟ ವರ್ಷ

ನಮ್ಮ ತೋಟದ ಬದುವಿನ ಮೇಲೆ ಒಂದು ಬಿದಿರಿನ ಗಳು ನೆಟ್ಟಿದ್ದೇನೆ. ಅದರ ತುದಿಗೆ ನನ್ನ ಹೆಂಡತಿಯ ಹಳೆಯ ಸೀರೆಯಿಂದ ಹರಿದ ಹಳದಿ ಪಟ್ಟಿಯೊಂದನ್ನು ಕಟ್ಟಿದ್ದೇನೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಳ್ಳಲು ನಾನು ಮಾಡಿಕೊಂಡ ಏರ್ಪಾಟು ಅದು. ಆದರೆ ನಮ್ಮ ಜನ ಯಾವುದನ್ನೂ ಸುಮ್ಮನೆ ಬಿಡುವವರಲ್ಲ. ನೆಟ್ಟ ಕೆಲವೇ ದಿನಗಳಲ್ಲಿ ಯಾರೋ ಅದರ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಆಮೇಲೆ ಎರಡು ಊದುಬತ್ತಿ ಬಂದವು. ಮೊನ್ನೆ ನೋಡಿದರೆ ಒಂದು ನಿಂಬೆಹಣ್ಣು ಕೂತಿದೆ. ಬೆಳಗಿನ ರೈಲಿಗೆಂದು ಟೇಕಲ್ ಸ್ಟೇಷನ್ನಿನ ಕಡೆ ಓಡುವ ಹೆಂಗಸರು ಅಷ್ಟು ಅವಸರದಲ್ಲೂ ಚಪ್ಪಲಿ ಬಿಟ್ಟು ಕೈಮುಗಿದು ಹೋಗುತ್ತಾರೆ.

"ಯಾವ ದೇವ್ರು ಮೇಷ್ಟ್ರೇ ಇದು?" ಎಂದು ಒಬ್ಬಾಕೆ ಕೇಳಿದಳು.

"ವಾಯುದೇವ್ರು ಕಣಮ್ಮ" ಅಂದೆ.

"ಒಳ್ಳೇದಾಯ್ತದಾ?"

ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಒಂದು ವರ್ಷದ ಕಥೆಯನ್ನೇ ಹೇಳಬೇಕಾಗುತ್ತಿತ್ತು. ಆಕೆಯ ರೈಲು ತಪ್ಪುತ್ತಿತ್ತು. ನಿಮಗೆ ರೈಲಿನ ಅವಸರವಿಲ್ಲ ಎಂದುಕೊಂಡು ನಿಮಗೇ ಹೇಳುತ್ತೇನೆ.

ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. ಲಕ್ಕೂರು ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಹರಿದುಕೊಂಡು, ನಿವೃತ್ತನಾಗಿ, ಊರಿಗೆ ಬಂದು ಟೊಮೆಟೊ ಹಾಕಿದೆ. ಗಾಳಿಯ ಪಾಠವೆಂದರೆ ನನಗೆ ಬಹಳ ಇಷ್ಟ. ಪಾಠದ ದಿನ ಮಕ್ಕಳನ್ನು ಬಯಲಿಗೆ ಕರೆದೊಯ್ದು, ಒಂದು ಹಿಡಿ ಮಣ್ಣನ್ನು ಮೇಲಿನಿಂದ ಬಿಟ್ಟು, ಅದು ಎತ್ತ ಹಾರುತ್ತದೆ ನೋಡಿ ಎನ್ನುತ್ತಿದ್ದೆ. ಆ ಮಣ್ಣು ಯಾವಾಗಲೂ ನನ್ನ ಕಣ್ಣಿಗೇ ಬೀಳುತ್ತಿತ್ತು. ಮಕ್ಕಳು ನಗುತ್ತಿದ್ದರು. ನಗುತ್ತಾ ಕಲಿತದ್ದು ಮರೆಯುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಕಲಿಸಿದವನು ಮರೆಯಬಹುದೆಂದು ಆಗ ಹೊಳೆದಿರಲಿಲ್ಲ.

ನನ್ನ ಟೊಮೆಟೊ ತೋಟದ ಪಕ್ಕದ್ದೇ ನಮ್ಮ ಅಣ್ಣ ಮುನಿರಾಜುವಿನ ಹಿಪ್ಪುನೇರಳೆ ತೋಟ. ನಡುವೆ ಒಂದು ಬದು ಮಾತ್ರ. ಅಣ್ಣನ ತೋಟ ಎನ್ನುವುದು ಪಹಣಿಯ ಮಾತು. ನಿಜದಲ್ಲಿ ಅದು ಅತ್ತಿಗೆಯ ತೋಟ. ಅತ್ತಿಗೆ ವೆಂಕಟಲಕ್ಷ್ಮಮ್ಮ ಕುರುಡುಮಲೆ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದಾಗ ನಾನು ಮೂರನೇ ಕ್ಲಾಸು. ಅವರು ತವರಿನಿಂದ ತಂದ ಸಾಮಾನಿನಲ್ಲಿ ಒಂದು ಹಳೆಯ ಚಂದ್ರಿಕೆಯೂ ಇತ್ತು. ಚಂದ್ರಿಕೆ ಎಂದರೆ ರೇಷ್ಮೆಹುಳು ಗೂಡು ಕಟ್ಟಲು ಬಿಡುವ, ಬಿದಿರಿನಿಂದ ಹೆಣೆದ ಅಗಲವಾದ ತಟ್ಟಿ. ಸೊಸೆ ಪಾತ್ರೆಪಡಗ ತರುತ್ತಾಳೆ ಎಂದು ಕಾದಿದ್ದ ನಮ್ಮಮ್ಮ ಅದನ್ನು ನೋಡಿ ಮುಖ ಸಿಂಡರಿಸಿದರು. ಒಂದು ವರ್ಷ ಕಳೆಯುವುದರೊಳಗೆ ಹಿತ್ತಿಲಲ್ಲಿ ಹುಳುಮನೆ ಎದ್ದಿತ್ತು.

ಆ ಹುಳುಮನೆಯೇ ನನಗೆ ಮೊದಲ ಸಂಬಳವಿಲ್ಲದ ನೌಕರಿ ಕೊಟ್ಟದ್ದು. ಗೂಡು ಕಟ್ಟುವ ಹೊತ್ತಿಗೆ ಹುಳು ಹಣ್ಣಾಗುತ್ತದೆ. ಬೆಳಕಿಗೆ ಹಿಡಿದರೆ ಒಳಗೆಲ್ಲ ಹೊಂಬಣ್ಣ ಕಾಣುತ್ತದೆ. ಅಂಥದ್ದನ್ನೇ ಆರಿಸಿ, ಹಿಚುಕದೆ, ಚಂದ್ರಿಕೆಗೆ ಬಿಡಬೇಕು. ದೊಡ್ಡವರ ಬೆರಳು ಒರಟು ಎಂದು ಅತ್ತಿಗೆ ನನ್ನನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. "ಕಿಟ್ಟಂದು ಬೆಣ್ಣೆ ಕೈ" ಎಂದು ಎಲ್ಲರೆದುರು ಹೊಗಳುತ್ತಿದ್ದರು. ಆ ಹೊಗಳಿಕೆ ತಲೆಗೇರಿ ನಾನು ಒಂದು ಹುಳುವನ್ನು ಬೆಂಕಿಪೊಟ್ಟಣದಲ್ಲಿಟ್ಟು ಸ್ಕೂಲಿಗೆ ಒಯ್ದೆ. ಅದು ನಮ್ಮ ಮೇಷ್ಟ್ರ ಹಾಜರಿ ಪುಸ್ತಕದ ಮೇಲೆ ಹರಿದಾಡಿತು, ಅವರು ಬೆಂಚಿನ ಮೇಲೆ ಹತ್ತಿದರು, ನಾನು ಬೆಂಚಿನ ಮೇಲೆ ನಿಂತೆ. ಅವರು ಹೆದರಿ, ನಾನು ಶಿಕ್ಷೆಗೆ. ನಾನು ವಿಜ್ಞಾನದ ಮೇಷ್ಟ್ರಾಗಲು ಆ ಹುಳುವೇ ಕಾರಣವಿರಬೇಕು.

ಇರಲಿ. ಕಳೆದ ಶಿವರಾತ್ರಿ ಮುಗಿದ ವಾರ ನನ್ನ ಟೊಮೆಟೊಗೆ ಎಲೆ ಮುರುಟು ರೋಗ ಬಿತ್ತು. ಬೆಳಗ್ಗೆ ಎದ್ದು ಔಷಧಿ ಹೊಡೆಯಲು ಹೊರಟೆ. ಔಷಧಿ ಮುಖಕ್ಕೆ ಎರಚಬಾರದೆಂದು ಜಾಣತನದಿಂದ ಗಾಳಿಗೆ ಬೆನ್ನು ಕೊಟ್ಟು ನಿಂತೆ. ಬೆನ್ನಿಗೆ ತಂಪಾಗಿ ಗಾಳಿ ತಗಲುತ್ತಿತ್ತು, ಮುಖಕ್ಕೆ ಒಂದು ಹನಿಯೂ ಬೀಳಲಿಲ್ಲ. ವಿಜ್ಞಾನ ಓದಿದ್ದು ಸಾರ್ಥಕ ಎಂದು ನನ್ನನ್ನೇ ಮೆಚ್ಚಿಕೊಂಡೆ. ನನ್ನ ಬೆನ್ನಿಗೆ ತಗುಲಿದ ಗಾಳಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ. ಅದು ಔಷಧಿಯನ್ನು ಹೊತ್ತುಕೊಂಡು ನೇರವಾಗಿ ಬದು ದಾಟಿ ಅತ್ತಿಗೆಯ ಸೊಪ್ಪಿನ ಮೇಲೆ ಇಳಿಯುತ್ತಿತ್ತು.

ಆ ಸೊಪ್ಪನ್ನು ಅವರು ಮಧ್ಯಾಹ್ನ ಕೊಯ್ದು ಹುಳುಗಳಿಗೆ ಹಾಕಿದರು. ನಾಲ್ಕನೇ ಜ್ವರ ದಾಟಿದ ಹುಳುಗಳು ಅವು. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಕೂತುಬಿಡುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿ ಇನ್ನೊಂದು ವಾರ ತಿಂದರೆ ಗೂಡು. ಸಂಜೆಯ ಹೊತ್ತಿಗೆ ಹುಳುಗಳು ಹಸಿರು ನೀರು ಕಕ್ಕಿ, ತಿರುಚಿಕೊಂಡು, ಒಂದರ ಮೇಲೊಂದು ಸತ್ತು ಬಿದ್ದವು. ನಾನು ಸುದ್ದಿ ಕೇಳಿ ಓಡಿಹೋದಾಗ ಅಣ್ಣ ಹಿತ್ತಿಲಲ್ಲಿ ಗುಂಡಿ ತೋಡುತ್ತಿದ್ದ. ಅತ್ತಿಗೆ ಹುಳುಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಇಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಬೆಳೆಯೂ ಹೀಗೆ ಹಾಳಾಗಿರಲಿಲ್ಲ. ಸುತ್ತಲಿನ ಊರಿನವರು ಹುಳುವಿನ ವಿಷಯಕ್ಕೆ ಅವರನ್ನೇ ಕೇಳಲು ಬರುತ್ತಿದ್ದರು.

"ನಾನೇ ಅತ್ತಿಗೆ. ಬೆಳಗ್ಗೆ ಔಷಧಿ ಹೊಡ್ದೆ" ಅಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅತ್ತಿಗೆ ಬೈಗುಳದಲ್ಲಿ ಕನ್ನಡ ಸಾಲದೆ ಹೋದರೆ ತೆಲುಗಿಗೆ ಇಳಿಯುವವರು. ಆ ದಿನ ಎರಡೂ ಬರಲಿಲ್ಲ. ನನ್ನನ್ನು ಒಮ್ಮೆ ನೋಡಿ, "ಆಯ್ತು ಬಿಡಿ ಮೇಷ್ಟ್ರೇ" ಅಂದರು.

ಬಿಡಿ. ಮೇಷ್ಟ್ರೇ. ನನ್ನ ತಲೆಗೆ ಎಣ್ಣೆ ತಟ್ಟಿ, ಕಿವಿ ಹಿಡಿದು ಸ್ನಾನ ಮಾಡಿಸಿದವರು ನನಗೆ ಮರ್ಯಾದೆ ಕೊಟ್ಟು ಮಾತಾಡಿದ್ದು ಅದೇ ಮೊದಲು. ಮನೆಗೆ ಬಂದು ಹೆಂಡತಿ ಸುಜಾತಾಳ ಮುಂದೆ ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಯುಗಾದಿ ಬಂತು. ಯುಗಾದಿಯ ಮಾರನೇ ದಿನ ನಮ್ಮಲ್ಲಿ ವರ್ಷತೊಡಕು. ಅವತ್ತು ಏನು ನಡೆಯುತ್ತದೋ ಅದೇ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಆದ್ದರಿಂದ ಅವತ್ತು ಯಾರೂ ಜಗಳವಾಡುವುದಿಲ್ಲ, ಸಾಲ ಕೊಡುವುದಿಲ್ಲ, ಬಾಡೂಟ ಮಾತ್ರ ಗಟ್ಟಿಯಾಗಿ ಮಾಡುತ್ತಾರೆ. ಸುಜಾತ ಶ್ರೀನಿವಾಸಪುರದ ಕಡೆಯವಳು, ಇಂಥದ್ದರಲ್ಲಿ ಬಲು ಕಟ್ಟುನಿಟ್ಟು.

"ಇವತ್ತು ಮಾತ್ರ ಅವ್ರ ಬಾಗ್ಲಿಗೆ ಹೋಗ್ಬೇಡಿ. ಅಲ್ಲಿಂದ ವಾಪಸ್ ಕಳ್ಸಿದ್ರೆ ವರ್ಷ ಪೂರ್ತಿ ಅದೇ ಗತಿ" ಅಂದಳು.

"ಒಳಗ್ ಕರೆದ್ರೆ? ವರ್ಷ ಪೂರ್ತಿ ಕರೀತಾರೆ" ಎಂದು ನಾನು ತರ್ಕ ಹೂಡಿ, ಸಾರಿನ ಪಾತ್ರೆ ಹಿಡಿದು ಹೋದೆ. ಅತ್ತಿಗೆ ಹುಳುಮನೆ ತೊಳೆದು, ಸುಣ್ಣ ಬಳಿದು, ಹೊಸ ಚಾಕಿ, ಅಂದರೆ ಮರಿಹುಳುಗಳನ್ನು, ತಂದಿದ್ದರು. ಹುಳು ಸತ್ತ ಜಾಗದಲ್ಲೇ ಮತ್ತೆ ಹುಳು ಸಾಕುವ ಗಟ್ಟಿಗಿತ್ತಿ. ನನ್ನನ್ನು ನೋಡಿ ಒಳಗಿನಿಂದಲೇ ಕೈ ಅಡ್ಡ ಮಾಡಿದರು.

"ಅಲ್ಲೇ ನಿಲ್ಲಿ ಮೇಷ್ಟ್ರೇ. ಒಳಗೆ ಹುಳ ಐತೆ. ಪಾತ್ರೆ ಜಗ್ಲಿ ಮ್ಯಾಲಿಡಿ."

ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಆದರೆ ನಾನು ಯಾವತ್ತು ಹೊರಗಿನವನಾಗಿದ್ದೆ? ಪಾತ್ರೆ ಜಗಲಿಯ ಮೇಲಿಟ್ಟು ಬಂದೆ. ಸುಜಾತ ನನ್ನ ಮುಖ ನೋಡಿ ಎರಡು ಚೂರು ಹೆಚ್ಚಿಗೆ ಬಡಿಸಿದಳು.

ಬಿದಿರಿನ ಗಳು ನೆಟ್ಟದ್ದು ಆ ವಾರವೇ. ಮುಂಗಾರಿನ ಹೊತ್ತಿಗೆ ಮನಸ್ಸು ಇನ್ನೂ ಕೆಟ್ಟು, ಟೊಮೆಟೊ ಗಿಡಗಳನ್ನೇ ಕಿತ್ತುಹಾಕಿ, ಆ ಜಾಗದ ತುಂಬ ಹಿಪ್ಪುನೇರಳೆ ಸಸಿ ನೆಟ್ಟೆ. ಔಷಧಿ ಹೊಡೆಯುವ ಕ್ಯಾನನ್ನು ಗುಜರಿಯವನಿಗೆ ಕೊಟ್ಟೆ. ಯಾಕೆ ನೆಟ್ಟೆ ಎಂದು ಯಾರಿಗೂ ಹೇಳಲಿಲ್ಲ. ಹೇಳಲು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅತ್ತಿಗೆಯ ತೋಟದ ಪಕ್ಕದಲ್ಲಿ ವಿಷ ಬೇಡ, ಸೊಪ್ಪಿರಲಿ ಎನ್ನುವಷ್ಟೇ ಮನಸ್ಸಿನಲ್ಲಿತ್ತು. ಊರಿನವರಿಗೆ ಮಾತಿಗೊಂದು ವಿಷಯ ಸಿಕ್ಕಿತು.

"ಹುಳ ಇಲ್ದೆ ಸೊಪ್ಪು ಬೆಳೀತಾ ಇದೀರಲ್ಲ ಮೇಷ್ಟ್ರೇ, ಬಸ್ಸಾರು ಮಾಡಿಸ್ತೀರಾ?" ಎಂದು ಡೈರಿಯ ಹತ್ತಿರ ಹಾಲು ಹಾಕಲು ನಿಂತವರೆಲ್ಲ ನಕ್ಕರು.

ಅದಕ್ಕೂ ಮೊದಲು ಮಾವಿನ ಕಾಲದಲ್ಲಿ ಒಂದು ಸಣ್ಣ ಆಸೆ ಚಿಗುರಿತ್ತು. ಸುಜಾತಾಳ ತವರಿನಿಂದ ಪ್ರತಿ ವರ್ಷ ಹಣ್ಣು ಬರುತ್ತದೆ, ಅರ್ಧ ಅಣ್ಣನ ಮನೆಗೆ. ಈ ಸಲವೂ ಒಂದು ಬುಟ್ಟಿ ಕಳಿಸಿದೆವು. ಒಂದು ವಾರ ಬುಟ್ಟಿ ವಾಪಸ್ ಬರಲಿಲ್ಲ. ಆಮೇಲೆ ನಮ್ಮ ಜಗಲಿಯ ಮೇಲೆ ಬಂದು ಕೂತಿತ್ತು, ಅದರೊಳಗೆ ನುಗ್ಗೆಕಾಯಿ. ಬಂದ ಬುಟ್ಟಿಯನ್ನು ಬರಿದಾಗಿ ಕಳಿಸಬಾರದು ಎನ್ನುವುದು ರೂಢಿ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಸುಜಾತ ಆ ನುಗ್ಗೆಕಾಯಿಗಳನ್ನು ಕಣಿ ಹೇಳುವವಳಂತೆ ಪರೀಕ್ಷಿಸಿದಳು.

"ಎಳೇದು ಆರಿಸಿ ಕಳ್ಸವ್ರೆ ನೋಡಿ. ಕೋಪ ಇದ್ದೋರು ಬಲ್ತಿದ್ದು ಕಳಿಸ್ತಿದ್ರು."

ನಾನು ಆ ದಿನ ಎರಡು ಮುದ್ದೆ ಉಂಡೆ.

ಶ್ರಾವಣದಲ್ಲಿ ಅಣ್ಣ ಬಿದ್ದ. ಸೊಪ್ಪಿನ ಹೊರೆಯನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಬರುವಾಗ ಒದ್ದೆ ರಸ್ತೆಯಲ್ಲಿ ಜಾರಿ, ತೊಡೆಯ ಮೂಳೆ ಮುರಿಯಿತು. ಕೋಲಾರದ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಹುಳು ಬಿಟ್ಟು ಅತ್ತಿಗೆ ಬರುವಂತಿರಲಿಲ್ಲ, ಆದ್ದರಿಂದ ಅವನ ಹತ್ತಿರ ನಾನೇ ಉಳಿದೆ. ಅಣ್ಣ ಮೊದಲಿನಿಂದಲೂ ಮಾತು ಕಡಿಮೆ. ಹಾಸಿಗೆಯ ಮೇಲೆ ಮಲಗಿದವನಿಗೆ ಬೇರೆ ಕೆಲಸವಿಲ್ಲದೆ ಮಾತು ಬಂತು.

"ಅವಳಿಗೆ ನಿನ್ ಮೇಲೆ ದ್ವೇಷ ಇಲ್ಲ ಕಣೋ ಕಿಟ್ಟ" ಅಂದ. "ಹೆದ್ರಿಕೆ. ಆವತ್ತಿಂದ ಸೊಪ್ಪು ಹಾಕೋವಾಗ ಕೈ ನಡುಗ್ತೈತೆ ಅಂತಾಳೆ. ಮೊದ್ಲು ಹತ್ತು ಹುಳಕ್ಕೆ ಹಾಕಿ, ಅವು ಬದುಕಿದ್ರೆ ಮಿಕ್ಕಿದ್ದಕ್ಕೆ ಹಾಕ್ತಾಳೆ. ತನ್ ತೋಟದ್ ಸೊಪ್ಪಿನ್ ಮೇಲೇ ಅವಳಿಗೆ ನಂಬಿಕೆ ಇಲ್ಲ."

ನಾನು ಕೊಂದದ್ದು ಹುಳುಗಳನ್ನಷ್ಟೇ ಎಂದು ತಿಳಿದಿದ್ದೆ. ಹೊಸ ಸೊಸೆಯಾಗಿ ಬಂದಾಗ ಯಾರಿಗೂ ಹೆದರದೆ ಹುಳುಮನೆ ಕಟ್ಟಿಸಿದ ಹೆಂಗಸಿಗೆ ಈಗ ಕೈ ನಡುಗುತ್ತದೆ ಎಂದರೆ ಅದನ್ನು ನಾನು ಹೇಗೆ ಸರಿಮಾಡಲಿ? ಅಣ್ಣನಿಗೆ ಮೋಸಂಬಿ ಸುಲಿದು ಕೊಡುತ್ತಾ ಕೂತೆ. ಅವನು ಕೊನೆಗೆ, "ನಾರು ತೆಗ್ದು ಕೊಡೋ" ಅಂದ.

ದೀಪಾವಳಿಗೆ ಸ್ವಲ್ಪ ಮುಂಚೆ ಅವರ ಮಗಳು ಲತಾಳಿಗೆ ಹೆಣ್ಣು ಮಗು ಹುಟ್ಟಿತು. ಮನೆಯಲ್ಲಿ ಕೋಲು ಹಿಡಿದು ನಡೆಯುವ ಅಣ್ಣನ ಮುಖದ ಮೇಲೆ ಆ ವರ್ಷದ ಮೊದಲ ನಗು ಕಂಡಿತು. ಆದರೆ ಒಂದು ಫಜೀತಿ ಎದುರಾಯಿತು. ಬಾಣಂತಿಗೆ, ಮಗುವಿಗೆ ದಿನಾ ಸಾಂಬ್ರಾಣಿ ಹೊಗೆ ಆಗಬೇಕು. ಹುಳುಮನೆಯಾದರೋ ಅವರ ಮನೆಯ ಬೆನ್ನಿಗೇ ಅಂಟಿಕೊಂಡಿದೆ. ಹುಳುವಿಗೆ ಹೊಗೆ ಆಗದು, ಊದುಬತ್ತಿ ಆಗದು, ಒಗ್ಗರಣೆಯ ಘಾಟು ಕೂಡ ಆಗದು. ಮಗುವಿಗೆ ಸಾಂಬ್ರಾಣಿ ತಪ್ಪಿಸುವಂತಿಲ್ಲ. ಅತ್ತಿಗೆ ಎರಡು ದಿನ ಯೋಚಿಸಿ, ಸುಜಾತಾಳನ್ನು ಕರೆದು ಏನೋ ಮಾತಾಡಿದರು. ಮೂರನೇ ದಿನ ಬಾಣಂತಿ, ಕೂಸು, ತೊಟ್ಟಿಲು, ಬಜೆಯ ಬೇರು, ಎಲ್ಲವೂ ನಮ್ಮ ಮನೆಗೆ ಬಂದವು.

ಹೀಗಾಗಿ ನನ್ನನ್ನು ಹೊಸ್ತಿಲು ದಾಟಲು ಬಿಡದ ಅತ್ತಿಗೆ ದಿನಾ ಬೆಳಗ್ಗೆ ನನ್ನ ಹೊಸ್ತಿಲು ದಾಟಿ ಬರುವಂತಾಯಿತು. ಬಂದವರೇ ನೇರವಾಗಿ ಬಚ್ಚಲಿಗೆ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ನೀವುತ್ತಾ, "ಏಡವಕು ನಾ ಬಂಗಾರು ತಲ್ಲಿ" ಎಂದು ತವರಿನ ತೆಲುಗಿನಲ್ಲಿ ಅದನ್ನು ಸಮಾಧಾನ ಮಾಡುತ್ತಿದ್ದರು. ನಾನು ಹಂಡೆಗೆ ಸೌದೆ ಒಡ್ಡುವ ನೆಪದಲ್ಲಿ ಅಲ್ಲೇ ಸುಳಿಯುತ್ತಿದ್ದೆ. ಒಂದು ದಿನ ಕೂಸು ಸೋಪಿನ ಕೈಯಿಂದ ಜಾರಿ ಜೋರಾಗಿ ಕಿರುಚಿತು. ಅತ್ತಿಗೆ ಗಾಬರಿಯಲ್ಲಿ, "ಲೇ ಕಿಟ್ಟ, ನಿಂತ್ಕೊಂಡ್ ಏನ್ಲಾ ನೋಡ್ತಿದೀಯ, ನೀರ್ ತಾರೋ!" ಎಂದು ಕೂಗಿದರು. ನಾನು ಚೊಂಬಿನ ಬದಲು ಬಕೆಟ್ಟನ್ನೇ ಎತ್ತಿಕೊಂಡು ಓಡಿದೆ. ಕೂಸಿಗೆ ಏನೂ ಆಗಿರಲಿಲ್ಲ. ನನ್ನ ಪಂಚೆ ಪೂರ್ತಿ ನೆಂದಿತ್ತು. ಲತಾ ಕೋಣೆಯಿಂದ ನಗುತ್ತಿದ್ದಳು. ಅತ್ತಿಗೆಯ ತುಟಿಯಂಚೂ ಒಂದು ಕ್ಷಣ ಸಡಿಲವಾಯಿತು. ಅಷ್ಟೇ. ಮಗುವನ್ನು ಸುತ್ತಿ ತೊಟ್ಟಿಲಿಗೆ ಹಾಕಿ ಹೊರಟುಹೋದರು, ಹುಳುಮನೆಯ ಬಾಗಿಲು ಹಿಂದಿನಂತೆಯೇ ಇತ್ತು.

ಇನ್ನು ಕಳೆದ ತಿಂಗಳ ಮಾತು. ಅವರೆಕಾಯಿ ಸುಗ್ಗಿ. ಅಣ್ಣ ಮಲಗಿದ್ದ ತಿಂಗಳುಗಳಲ್ಲಿ ಅವರ ತೋಟಕ್ಕೆ ನೀರು, ಗೊಬ್ಬರ ಸರಿಯಾಗಿ ಆಗಿರಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದು, ಹಗಲಿರುಳು ತಿನ್ನುವ ಹೊತ್ತಿಗೆ ಸೊಪ್ಪು ಮುಗಿಯುತ್ತಾ ಬಂತು. ಕೊಂಡು ತರೋಣವೆಂದರೆ ಸುತ್ತಲೂ ಟೊಮೆಟೊ, ಸುತ್ತಲೂ ಔಷಧಿ. ಯಾರ ಸೊಪ್ಪನ್ನೂ ಅತ್ತಿಗೆ ನಂಬಲಾರರು. ನನ್ನ ತೋಟದಲ್ಲಿ ಎದೆಯೆತ್ತರ ಸೊಪ್ಪು ತೊನೆಯುತ್ತಿತ್ತು. ನಾನಾಗಿ ಹೇಳಲು ಬಾಯಿ ಬರಲಿಲ್ಲ. ಕೊಟ್ಟು, ಮತ್ತೆ ಏನಾದರೂ ಆದರೆ?

ಬೆಳಗ್ಗೆ ಕೂಸಿಗೆ ನೀರು ಹಾಕಿ ಮುಗಿಸಿದ ಅತ್ತಿಗೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಮುಂದೆ ಬಂದು ನಿಂತರು.

"ಮೇಷ್ಟ್ರೇ, ನಿಮ್ ಸೊಪ್ಪಿಗೆ ಏನಾದ್ರೂ ಹೊಡ್ದಿದೀರಾ?"

"ಕೊಟ್ಟಿಗೆ ಗೊಬ್ಬರ, ನೀರು. ಬೇರೆ ಏನೂ ಇಲ್ಲ ಅತ್ತಿಗೆ. ಕ್ಯಾನ್ ಕೂಡ ಮನೇಲಿಲ್ಲ."

"ಮೊದ್ಲು ಟೊಮ್ಯಾಟೊ ಇದ್ದ ಜಾಗ ಅದು."

"ಹೌದು."

ಅವರು ಒರೆಸಿದ ಕೈಯನ್ನೇ ಮತ್ತೆ ಸೆರಗಿಗೆ ಒರೆಸಿಕೊಂಡರು. "ಒಂದ್ ಹಿಡಿ ಕೊಡಿ. ಹತ್ತು ಹುಳಕ್ಕೆ ಹಾಕ್ತೀನಿ. ಸಾಯಂಕಾಲದವರ್ಗೂ ನೋಡಣ."

ಒಂದು ಹಿಡಿ ಕೊಯ್ದು ತಂದು ಅವರ ಜಗಲಿಯ ಮೇಲಿಟ್ಟೆ. ಅವರು ಒಂದು ಸಣ್ಣ ತಟ್ಟೆಯಲ್ಲಿ ಹತ್ತು ಹುಳುಗಳನ್ನು ಬೇರೆ ಇಟ್ಟು, ಸೊಪ್ಪು ಹಾಕಿ, ಬಾಗಿಲು ಮುಂದೆ ಮಾಡಿಕೊಂಡರು. ಸೇವೆಯಲ್ಲಿದ್ದಾಗ ಎಷ್ಟು ಸಾವಿರ ಉತ್ತರ ಪತ್ರಿಕೆ ತಿದ್ದಿದ್ದೇನೋ ಲೆಕ್ಕವಿಲ್ಲ. ಫಲಿತಾಂಶದ ದಿನ ಮಕ್ಕಳು ಯಾಕೆ ಹಾಗೆ ಬೆವರುತ್ತಾರೆಂದು ನನಗೆ ಆವತ್ತು ತಿಳಿಯಿತು. ಊಟ ಸೇರಲಿಲ್ಲ. ಸುಜಾತ ಹಿತುಕಿದಬೇಳೆ ಸಾರಿಗೆಂದು ನೆನೆಸಿದ ಅವರೆಕಾಳನ್ನು ನನ್ನ ಮುಂದೆ ಸುರಿದು, "ಇದನ್ನಾದ್ರೂ ಹಿತುಕಿ, ಕೈ ಸುಮ್ನಿದ್ರೆ ತಲೆ ಕೆಡುತ್ತೆ" ಅಂದಳು. ಹಿತುಕಿದ ಬೇಳೆ ಕಸಕ್ಕೂ, ಸಿಪ್ಪೆ ಪಾತ್ರೆಗೂ ಬಿದ್ದವು. ಅವಳು ಬೈದು, ಪಾತ್ರೆಯನ್ನೇ ಕಿತ್ತುಕೊಂಡಳು.

ಮಧ್ಯಾಹ್ನ ಒಮ್ಮೆ ಅಣ್ಣ ಕೋಲೂರಿಕೊಂಡು ಬಂದ. "ಏಳು ಹುಳ ತಿಂತಾ ಅವೆ" ಅಂದ.

"ಮಿಕ್ಕ ಮೂರು?"

"ಕೂತವೆ."

ಕೂತವೆ ಎಂದರೇನು? ಹೊಟ್ಟೆ ತುಂಬಿ ಕೂತವೆಯೋ, ಏಳಲಾರದೆ ಕೂತವೆಯೋ? ಅಣ್ಣ ಸುಜಾತ ಕೊಟ್ಟ ಕಾಫಿ ಕುಡಿದು ಹೋದ. ಆ ಮೂರು ಹುಳುಗಳಿಗಾಗಿ ನಾನು ಕುರುಡುಮಲೆಯ ಗಣಪನಿಗೆ ಮನಸ್ಸಿನಲ್ಲೇ ನೂರೊಂದು ತೆಂಗಿನಕಾಯಿ ಹರಕೆ ಹೊತ್ತೆ. ವಿಜ್ಞಾನದ ಮೇಷ್ಟ್ರು ಎಂದು ಮೇಲೆಯೇ ಹೇಳಿದ್ದೇನೆ, ಮತ್ತೆ ನೆನಪಿಸಬೇಡಿ.

ಬಿಸಿಲು ಬೆಟ್ಟದ ಬಂಡೆಗಳ ಆಚೆಗೆ ಇಳಿಯುವ ಹೊತ್ತಿಗೆ ಹಿತ್ತಿಲಿಗೆ ಹೋದೆ. ಹುಳುಮನೆಯ ಬಾಗಿಲು ತೆರೆಯಿತು. ಅತ್ತಿಗೆ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಂದೆ ಚಾಚಿದರು. ಕಡ್ಡಿ ಬಿಟ್ಟು ಸೊಪ್ಪೆಲ್ಲ ಖಾಲಿಯಾಗಿತ್ತು. ನಾನು ಎಣಿಸಿದೆ. ಹತ್ತು. ಹತ್ತೂ ತಲೆಯಾಡಿಸುತ್ತಾ ಇನ್ನಷ್ಟು ಮೇವು ಹುಡುಕುತ್ತಿದ್ದವು.

"ಚೆನ್ನಾಗೈತೆ ಸೊಪ್ಪು" ಎಂದರು ಅತ್ತಿಗೆ. "ನಾಕು ಹೊರೆ ಕೊಯ್ಕೊಂಡ್ ಬಾ. ಬೇಗ ಬಾ, ಹಸ್ಕೊಂಡವೆ."

ನಾಲ್ಕು ಹೊರೆಯನ್ನು ಹೇಗೆ ಕೊಯ್ದೆನೋ ಗೊತ್ತಿಲ್ಲ, ಅಂಗೈಯೆಲ್ಲ ತರಚಿಹೋಗಿತ್ತು. ಒಂದೊಂದಾಗಿ ತಂದು, ವರ್ಷದ ಅಭ್ಯಾಸದಂತೆ ಜಗಲಿಯ ಮೇಲಿಟ್ಟು ಹಿಂದೆ ಸರಿದು ನಿಂತೆ. ಒಳಗಿನಿಂದ ಅತ್ತಿಗೆಯ ದನಿ ಬಂತು.

"ಅಲ್ಯಾಕ್ ನಿಂತೆ? ನಿಮ್ಮಣ್ಣನಿಗೆ ಬಗ್ಗಕ್ಕಾಗಲ್ಲ. ನಾನೊಬ್ಳೇ ಎಷ್ಟಂತ ಹಾಕ್ಲಿ? ಕೈಕಾಲು ತೊಳ್ಕೊಂಡು ಒಳಗ್ ಬಾ."

ಬಾಗಿಲ ಬಳಿಯ ಬಕೆಟ್ಟಿನಲ್ಲಿ ಕೈ ತೊಳೆದೆ, ಇನ್ನೊಮ್ಮೆ ತೊಳೆದೆ, ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋದೆ. ಹುಳುಮನೆಯ ಆ ಹಸಿ ವಾಸನೆ ಮೂಗಿಗೆ ಬಂದ ಕೂಡಲೇ ಕಣ್ಣು ತುಂಬಿತು. ಅತ್ತಿಗೆ ಅದನ್ನು ನೋಡಿದರೋ ಇಲ್ಲವೋ. ತಟ್ಟೆಯ ಹತ್ತು ಹುಳುಗಳನ್ನು ಎತ್ತಿ ಮಿಕ್ಕವುಗಳ ಜೊತೆ ಬಿಡುತ್ತಿದ್ದರು. ಅವರ ಬೆರಳುಗಳನ್ನೇ ನೋಡಿದೆ, ನಡುಗುತ್ತಿರಲಿಲ್ಲ. ನಾನು ಒಂದು ಕಂತೆ ಸೊಪ್ಪು ಎತ್ತಿ ಹುಳುಗಳ ಹಾಸಿಗೆಯ ಮೇಲೆ ಹಾಕಿದೆ.

"ತೆಳ್ಳಗೆ ಹರಡೋ. ಗುಡ್ಡೆ ಹಾಕಿದ್ರೆ ಕೆಳಗಿರೋ ಹುಳಕ್ಕೆ ಉಸಿರು ಕಟ್ಟುತ್ತೆ. ಇಷ್ಟ್ ವರ್ಷ ಮಕ್ಕಳಿಗೆ ಏನ್ ಪಾಠ ಹೇಳ್ದೆ ನೀನು?"

ನಾನು ಕಡ್ಡಿಗಳನ್ನು ಬಿಡಿಸಿ, ತೆಳ್ಳಗೆ ಹರಡಿದೆ. ಹುಳುಗಳು ಒಂದೊಂದಾಗಿ ತಲೆಯೆತ್ತಿ, ನನ್ನ ತೋಟದ ಸೊಪ್ಪನ್ನು ತಿನ್ನತೊಡಗಿದವು.